ಗೊನೊರಿಯಾ, ಸಿಫಿಲಿಸ್ ಎರಡೂ ಒಂದೇ ರೋಗವೇ? ಜಾನ್ ಹಂಟರ್ ಎಂಬ ಮಹಾ ವೈದ್ಯರ ಒಂದು ದೊಡ್ಡ ತಪ್ಪು

ಗುಪ್ತರೋಗ ಎಂಬ ಒಂದೇ ಪದದಲ್ಲಿ ನಾವು ಹಲವು ಕಾಯಿಲೆಗಳನ್ನು ಮೂಟೆ ಕಟ್ಟಿಬಿಡುತ್ತೇವೆ. ಗೋಡೆ ಮೇಲಿನ ಜಾಹೀರಾತಿನಲ್ಲೂ ಅದೇ ಪದ, ಸ್ನೇಹಿತರ ಪಿಸುಮಾತಿನಲ್ಲೂ ಅದೇ ಪದ. ಮೂತ್ರ ಉರಿದರೆ ಉಷ್ಣ, ಬಿಳಿಸೆರಗು ಹೋದರೆ ಉಷ್ಣ, ಅಲ್ಲೊಂದು ಹುಣ್ಣು ಕಂಡರೂ ಉಷ್ಣವೇ. ಎಳನೀರು, ಮಜ್ಜಿಗೆ ಕುಡಿದು ಎರಡು ವಾರ ಕಾದು, ಕಡಿಮೆಯಾಯಿತು ಎಂದರೆ ಅಲ್ಲಿಗೆ ಮುಗಿಯಿತು.

ಲೈಂಗಿಕವಾಗಿ ಹರಡುವ ಸೋಂಕುಗಳೆಲ್ಲ ಒಂದೇ, ನೋಡಿದರೆ ಗೊತ್ತಾಗುತ್ತದೆ, ತಾನಾಗಿ ಮಾಯವಾದರೆ ವಾಸಿಯಾದಂತೆ. ಈ ಮೂರು ನಂಬಿಕೆಗಳೂ ತಪ್ಪು. ಹೀಗೆ ನಂಬುವವರು ಓದು ಬಾರದವರು ಎಂದುಕೊಳ್ಳಬೇಡಿ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಅತಿ ದೊಡ್ಡ ಶಸ್ತ್ರವೈದ್ಯರೊಬ್ಬರು ಇವುಗಳಲ್ಲಿ ಮೊದಲನೆಯದನ್ನು ನಂಬಿದ್ದರು. ನಂಬಿದ್ದಷ್ಟೇ ಅಲ್ಲ, ಪ್ರಯೋಗ ಮಾಡಿ ಸಾಬೀತುಪಡಿಸಿದ್ದೇನೆ ಎಂದುಕೊಂಡಿದ್ದರು. ಅವರ ಹೆಸರು ಜಾನ್ ಹಂಟರ್. ಅವರ ಬದುಕನ್ನು ತಿಳಿದುಕೊಂಡರೆ ಈ ಸೋಂಕುಗಳ ನಡುವಿನ ವ್ಯತ್ಯಾಸವೂ ಸುಲಭವಾಗಿ ಅರ್ಥವಾಗುತ್ತದೆ.

ಶಾಲೆ ಬಿಟ್ಟ ಹುಡುಗ

ಹಂಟರ್ ಹುಟ್ಟಿದ್ದು 1728ರ ಫೆಬ್ರವರಿಯಲ್ಲಿ, ಸ್ಕಾಟ್‌ಲೆಂಡಿನ ಗ್ಲಾಸ್ಗೋ ಊರಿಗೆ ಹತ್ತಿರದ ಒಂದು ಹಳ್ಳಿಯ ರೈತ ಕುಟುಂಬದಲ್ಲಿ. ಹತ್ತು ಮಕ್ಕಳಲ್ಲಿ ಇವರೇ ಕೊನೆಯವರು. ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ಇರುವೆ, ಹಕ್ಕಿ, ಗೊದಮೊಟ್ಟೆಗಳ ಹಿಂದೆ ಅಲೆಯುವುದೇ ಇಷ್ಟ. ಹದಿಮೂರರ ಹೊತ್ತಿಗೆ ಶಾಲೆ ಬಿಟ್ಟಾಗಿತ್ತು, ತಂದೆಯೂ ತೀರಿಕೊಂಡಿದ್ದರು.

ಅಣ್ಣ ವಿಲಿಯಂ ಹಂಟರ್ ಲಂಡನ್ನಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಖಾಸಗಿ ಶಾಲೆ ನಡೆಸುತ್ತಿದ್ದರು. 1748ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಜಾನ್ ಅಲ್ಲಿಗೆ ಹೋಗಿ ಶವಗಳನ್ನು ಕೊಯ್ದು ಪಾಠಕ್ಕೆ ಸಿದ್ಧಪಡಿಸುವ ಕೆಲಸಕ್ಕೆ ನಿಂತರು. ಕೈಯ ಕುಶಲತೆ ಬೇಗ ಎದ್ದು ಕಂಡಿತು. ಸುಮಾರು ಹನ್ನೊಂದು ವರ್ಷ ಆ ಕೋಣೆಯಲ್ಲಿ ದುಡಿದರು. ಆಗ ಪಾಠಕ್ಕೆ ಬೇಕಾದ ಶವಗಳು ಕಾನೂನಿನ ದಾರಿಯಲ್ಲಿ ಸಾಕಷ್ಟು ಸಿಗುತ್ತಿರಲಿಲ್ಲ, ಹೆಣ ಕದಿಯುವವರಿಂದಲೇ ಬರುತ್ತಿದ್ದವು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

1760ರಲ್ಲಿ ಸೈನ್ಯ ಸೇರಿ ಫ್ರಾನ್ಸಿನ ಬೆಲ್ ಈಲ್ ದ್ವೀಪದಲ್ಲೂ ಪೋರ್ಚುಗಲ್‌ನಲ್ಲೂ ಸೈನಿಕರಿಗೆ ಚಿಕಿತ್ಸೆ ಮಾಡಿದರು. ಗುಂಡೇಟಿನ ಗಾಯವನ್ನು ಕೂಡಲೇ ಕೊಯ್ದು ಅಗಲ ಮಾಡಿ ಗುಂಡು ಹುಡುಕುವುದು ಆಗಿನ ಪದ್ಧತಿ. ಚಿಕಿತ್ಸೆಯೇ ಸಿಗದೆ ಉಳಿದ ಕೆಲವು ಸೈನಿಕರ ಗಾಯಗಳು ಚೆನ್ನಾಗಿಯೇ ಮಾಯ್ದದ್ದನ್ನು ಹಂಟರ್ ಗಮನಿಸಿದರು. ಹಾಗಾದರೆ ಸುಮ್ಮನೆ ಕೊಯ್ಯುವುದು ಏಕೆ ಎಂದು ಕೇಳಿದರು. ಹಿರಿಯರು ಹೇಳಿದ್ದನ್ನು ಒಪ್ಪದೆ ತಾನೇ ನೋಡಿ ತೀರ್ಮಾನಿಸುವ ಈ ಗುಣವೇ ಅವರನ್ನು ದೊಡ್ಡವರನ್ನಾಗಿ ಮಾಡಿತು. ಮುಂದೆ ಅವರನ್ನು ಎಡವಿಸಿದ್ದೂ ಇದೇ ಗುಣ ಎನ್ನಬಹುದು.

1767ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಮರುವರ್ಷ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದರು. ಮುಂದೆ ಸಿಡುಬಿಗೆ ಲಸಿಕೆ ತಂದ ಎಡ್ವರ್ಡ್ ಜೆನ್ನರ್ ಇವರ ಮನೆಯಲ್ಲೇ ಇದ್ದು ಕಲಿತ ಶಿಷ್ಯ. ಊಹಿಸುತ್ತ ಕೂರುವುದಕ್ಕಿಂತ ಮಾಡಿ ನೋಡುವುದು ಮೇಲು ಎಂಬುದೇ ಹಂಟರ್ ತಮ್ಮ ಶಿಷ್ಯರಿಗೆ ಕಲಿಸಿದ ಮುಖ್ಯ ಪಾಠ.

1767ರ ಪ್ರಯೋಗ

ಲಂಡನ್ನಿನ ಶಸ್ತ್ರವೈದ್ಯರ ಬಳಿ ಬರುತ್ತಿದ್ದ ರೋಗಿಗಳಲ್ಲಿ ಲೈಂಗಿಕ ಸೋಂಕಿನವರ ಸಂಖ್ಯೆ ದೊಡ್ಡದು. ಮುಖ್ಯವಾಗಿ ಎರಡು ತೊಂದರೆಗಳು ಕಾಣುತ್ತಿದ್ದವು. ಕೆಲವರಿಗೆ ಮೂತ್ರನಾಳದಿಂದ ಕೀವು, ಉರಿ. ಇದು ಗೊನೊರಿಯಾ. ಇನ್ನು ಕೆಲವರಿಗೆ ಜನನಾಂಗದ ಮೇಲೆ ಗಟ್ಟಿ ಅಂಚಿನ ಒಂದು ಹುಣ್ಣು, ಆಮೇಲೆ ಮೈಮೇಲೆ ದದ್ದು, ಗಂಟಲಲ್ಲಿ ಹುಣ್ಣು, ವರ್ಷಗಳು ಕಳೆದ ಮೇಲೆ ಮೂಳೆ, ಮೂಗು, ಮಿದುಳಿಗೂ ಹಾನಿ. ಇದು ಸಿಫಿಲಿಸ್.

ಎರಡೂ ಒಂದೇ ದಾರಿಯಲ್ಲಿ ಬರುತ್ತವೆ. ಒಬ್ಬರಲ್ಲೇ ಎರಡೂ ಕಾಣುವುದುಂಟು. ಹೀಗಾಗಿ ಇವು ಒಂದೇ ವಿಷದ ಎರಡು ರೂಪಗಳು ಎಂದು ಬಹಳ ವೈದ್ಯರು ಹದಿನಾರನೇ ಶತಮಾನದಿಂದಲೂ ನಂಬಿದ್ದರು. ಬೇರೆ ಬೇರೆ ಎಂದು ವಾದಿಸುವವರೂ ಇದ್ದರು, ಆದರೆ ಯಾರ ಬಳಿಯೂ ಪುರಾವೆ ಇರಲಿಲ್ಲ. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆ ಎಂಬುದೇ ಆಗ ಗೊತ್ತಿರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು.

ಹಂಟರ್ ಅವರದ್ದೂ ಒಂದೇ ವಿಷದ ಪಕ್ಷ. ಆ ವಿಷ ಮೂತ್ರನಾಳದಂಥ ಒದ್ದೆ ಪದರದ ಮೇಲೆ ಬಿದ್ದರೆ ಕೀವು ಬರುತ್ತದೆ, ಚರ್ಮದ ಮೇಲೆ ಬಿದ್ದರೆ ಹುಣ್ಣಾಗುತ್ತದೆ ಎಂಬುದು ಅವರ ಲೆಕ್ಕ. ಇದು ನಿಜವಾದರೆ ಗೊನೊರಿಯಾದ ಕೀವನ್ನು ಚರ್ಮಕ್ಕೆ ಸೇರಿಸಿದಾಗ ಸಿಫಿಲಿಸ್ ಹುಣ್ಣು ಏಳಬೇಕು. ಪರೀಕ್ಷಿಸುವುದು ಸುಲಭ.

1767ರಲ್ಲಿ ಅವರು ಹಾಗೆಯೇ ಮಾಡಿದರು. ಗೊನೊರಿಯಾ ರೋಗಿಯೊಬ್ಬರ ಕೀವಿನಲ್ಲಿ ಚಿಕ್ಕ ಕತ್ತಿಯನ್ನು ಅದ್ದಿ, ಶಿಶ್ನದ ತುದಿಯಲ್ಲಿ ಒಂದು, ಮುಂದೊಗಲಿನಲ್ಲಿ ಒಂದು, ಹೀಗೆ ಎರಡು ಕಡೆ ಚುಚ್ಚಲಾಯಿತು. ಕೆಲವು ದಿನಗಳಲ್ಲಿ ಚುಚ್ಚಿದ ಜಾಗ ಕೆಂಪಾಗಿ ದಪ್ಪಗಾಯಿತು, ಹುಣ್ಣಾಯಿತು. ತೊಡೆಸಂದಿನಲ್ಲಿ ಗಡ್ಡೆ ಬಂತು. ತಿಂಗಳುಗಳ ನಂತರ ಗಂಟಲಿನ ಟಾನ್ಸಿಲ್ ಮೇಲೆ ಹುಣ್ಣು, ಆಮೇಲೆ ಮೈಮೇಲೆ ತಾಮ್ರದ ಬಣ್ಣದ ಕಲೆಗಳು. ಪಾದರಸ ಕೊಡುತ್ತ, ನಿಲ್ಲಿಸುತ್ತ, ಮತ್ತೆ ಕೊಡುತ್ತ ರೋಗದ ಹಾದಿಯನ್ನು ದಾಖಲಿಸಲಾಯಿತು. ಎಲ್ಲ ಮುಗಿಯಲು ಸುಮಾರು ಮೂರು ವರ್ಷ ಹಿಡಿಯಿತು.

ಬಂದದ್ದು ಸಿಫಿಲಿಸ್ ಲಕ್ಷಣಗಳೇ. ಗೊನೊರಿಯಾದ ಕೀವಿನಿಂದ ಸಿಫಿಲಿಸ್ ಬಂತು, ಆದ್ದರಿಂದ ಎರಡೂ ಒಂದೇ ಎಂದು ಹಂಟರ್ ತೀರ್ಮಾನಿಸಿದರು. 1786ರಲ್ಲಿ ಲೈಂಗಿಕ ರೋಗಗಳ ಬಗ್ಗೆ ಅವರು ಬರೆದ ದೊಡ್ಡ ಗ್ರಂಥದಲ್ಲಿ ಈ ಪ್ರಯೋಗವನ್ನು ವಿವರಿಸಿದರು.

ಚುಚ್ಚಿಸಿಕೊಂಡವರು ಯಾರು?

ಹಂಟರ್ ತಮಗೇ ಚುಚ್ಚಿಕೊಂಡು ರೋಗ ತಂದುಕೊಂಡರು ಎಂಬ ಕಥೆ ಬಹಳ ಪ್ರಸಿದ್ಧ. ವಿಜ್ಞಾನಕ್ಕಾಗಿ ತಮ್ಮ ದೇಹವನ್ನೇ ಒಡ್ಡಿದವರ ಪಟ್ಟಿಯಲ್ಲಿ ಅವರ ಹೆಸರು ತಪ್ಪದೆ ಬರುತ್ತದೆ. ಆದರೆ ಆ ಗ್ರಂಥದಲ್ಲಿ ಚುಚ್ಚಿಸಿಕೊಂಡ ವ್ಯಕ್ತಿ ಯಾರು ಎಂದು ಎಲ್ಲೂ ಬರೆದಿಲ್ಲ. ತಮಗೇ ಮಾಡಿಕೊಂಡದ್ದು ಎಂದು ನಂಬುವ ಚರಿತ್ರಕಾರರಿದ್ದಾರೆ. ಬೇರೆ ಯಾರೋ ರೋಗಿಯ ಮೇಲೆ ನಡೆದದ್ದು ಎನ್ನುವವರೂ ಇದ್ದಾರೆ. ಹಾಗಾಗಿ ನಾವು ಇದನ್ನು ಖಚಿತ ಸಂಗತಿ ಎಂದು ಹೇಳುವುದಿಲ್ಲ. ಬೇರೆಯವರ ಮೇಲೆ ನಡೆದಿದ್ದರೆ, ಹೆಸರೂ ಉಳಿಯದ ಒಬ್ಬ ಮನುಷ್ಯ ಮೂರು ವರ್ಷ ನರಳಿದ ಎಂದಾಯಿತು.

ತಪ್ಪಿದ್ದು ಎಲ್ಲಿ?

ಪ್ರಯೋಗ ನಿಜವಾಗಿ ನಡೆದಿತ್ತು, ಕಂಡದ್ದನ್ನೇ ಬರೆದಿದ್ದರು. ಆದರೂ ತೀರ್ಮಾನ ತಪ್ಪಾದದ್ದು ಹೇಗೆ?

ಒಬ್ಬ ರೈತರು ಬಿತ್ತನೆ ರಾಗಿ ತಂದು ಬಿತ್ತಿದರು ಎಂದುಕೊಳ್ಳಿ. ಆ ರಾಗಿಯಲ್ಲಿ ಅಣ್ಣೆಸೊಪ್ಪಿನ ಬೀಜ ಬೆರೆತಿದ್ದದ್ದು ಅವರಿಗೆ ಗೊತ್ತಿಲ್ಲ. ಹೊಲದಲ್ಲಿ ಅಣ್ಣೆಸೊಪ್ಪು ಎದ್ದಾಗ, ರಾಗಿಯೇ ಅಣ್ಣೆಸೊಪ್ಪಾಯಿತು ಎಂದು ಹೇಳಿದರೆ ಹೇಗೆ? ಹಂಟರ್ ಮಾಡಿದ್ದು ಇದನ್ನೇ. ಕೀವು ಕೊಟ್ಟ ರೋಗಿಗೆ ಗೊನೊರಿಯಾ ಜೊತೆಗೆ ಸಿಫಿಲಿಸ್ ಕೂಡ ಇತ್ತು ಎಂಬುದೇ ಇಂದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಸಿಫಿಲಿಸ್ ಹುಣ್ಣು ಮೂತ್ರನಾಳದ ಒಳಗೂ ಇರಬಹುದು. ಅಲ್ಲಿದ್ದರೆ ಹೊರಗಿನಿಂದ ಕಾಣುವುದಿಲ್ಲ, ನೋವೂ ಇರುವುದಿಲ್ಲ.

ಇನ್ನೊಂದು ಕಾರಣವೂ ಇತ್ತು. ದೇಹದ ಒಂದೇ ಭಾಗದಲ್ಲಿ ಒಂದೇ ಹೊತ್ತಿಗೆ ಎರಡು ರೋಗಗಳು ನಡೆಯಲಾರವು ಎಂಬುದು ಹಂಟರ್ ಅವರ ಸಿದ್ಧಾಂತವಾಗಿತ್ತು. ಹಾಗೆ ನಂಬಿದವರಿಗೆ ಈ ರೋಗಿಗೆ ಎರಡೂ ಇರಬಹುದೇ ಎಂಬ ಅನುಮಾನ ಬರುವುದಾದರೂ ಹೇಗೆ? ಒಂದೇ ಪ್ರಯೋಗದ ಮೇಲೆ ಅಷ್ಟು ದೊಡ್ಡ ತೀರ್ಮಾನವನ್ನು ನಿಲ್ಲಿಸಿದ್ದು ಮತ್ತೊಂದು ತಪ್ಪು. ಹತ್ತು ಜನ ಬೇರೆ ಬೇರೆ ರೋಗಿಗಳ ಕೀವಿನಿಂದ ಇದೇ ಪರೀಕ್ಷೆ ನಡೆದಿದ್ದರೆ ಉತ್ತರ ಬೇರೆ ಬರುತ್ತಿತ್ತು.

ವಿಚಿತ್ರವೆಂದರೆ, ವ್ಯತ್ಯಾಸದ ಸುಳಿವು ಹಂಟರ್ ಕಣ್ಣೆದುರೇ ಇತ್ತು. ಕೆಲವು ಗೊನೊರಿಯಾ ರೋಗಿಗಳಿಗೆ ಔಷಧವೆಂದು ಹೇಳಿ ಬರೀ ಬ್ರೆಡ್ಡಿನ ಗುಳಿಗೆ ಕೊಟ್ಟು ನೋಡಿದ್ದರು, ಅವರ ಕೀವೂ ನಿಂತಿತ್ತು. ಸಿಫಿಲಿಸ್ ಹುಣ್ಣಿನ ಗಟ್ಟಿ ಅಂಚನ್ನು ಎಷ್ಟು ಚೆನ್ನಾಗಿ ವರ್ಣಿಸಿದರೆಂದರೆ, ವೈದ್ಯರು ಅದಕ್ಕೆ ಹಂಟರ್ ಹುಣ್ಣು ಎಂದೇ ಹೆಸರಿಟ್ಟರು. ಕಣ್ಣು ಸರಿಯಾಗಿಯೇ ನೋಡಿತ್ತು. ಸಿದ್ಧಾಂತ ಅಡ್ಡ ಬಂತು.

ತಪ್ಪಿನ ಬೆಲೆ

ಅವರ ಹೆಸರಿನ ತೂಕದಿಂದಾಗಿ ಈ ತಪ್ಪು ಬಹಳ ವರ್ಷ ಉಳಿಯಿತು. 1776ರಲ್ಲಿ ರಾಜ ಮೂರನೇ ಜಾರ್ಜ್ ಅವರ ಶಸ್ತ್ರವೈದ್ಯರಲ್ಲಿ ಒಬ್ಬರಾದರು. 1785ರಲ್ಲಿ ಮಂಡಿಯ ಹಿಂದಿನ ರಕ್ತನಾಳ ಉಬ್ಬಿದ ರೋಗಿಯೊಬ್ಬರಿಗೆ ತೊಡೆಯಲ್ಲಿ ನಾಳವನ್ನು ಕಟ್ಟಿ, ಕಾಲು ಕತ್ತರಿಸದೆ ಉಳಿಸಿದರು. ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿದ್ದ ಅವರ ಸಂಗ್ರಹಾಲಯದಲ್ಲಿ ಮನುಷ್ಯರ, ಪ್ರಾಣಿಗಳ ಅಂಗಗಳ ಸಾವಿರಾರು ಮಾದರಿಗಳಿದ್ದವು. ಇಂಥವರು ಪ್ರಯೋಗ ಮಾಡಿ ಹೇಳಿದ ಮೇಲೆ ಎದುರಾಡುವವರು ಯಾರು?

ನಷ್ಟ ಆದದ್ದು ರೋಗಿಗಳಿಗೆ. ಸಿಫಿಲಿಸ್‌ಗೆ ಆಗಿನ ಔಷಧ ಪಾದರಸ. ಮೈಗೆ ಉಜ್ಜುತ್ತಿದ್ದರು, ಗುಳಿಗೆಯಾಗಿ ನುಂಗಿಸುತ್ತಿದ್ದರು. ಬಾಯಲ್ಲಿ ನೀರು ಸುರಿಯುವುದು, ಒಸಡು ಕೊಳೆಯುವುದು, ಹಲ್ಲು ಉದುರುವುದು, ಮೂತ್ರಪಿಂಡಕ್ಕೆ ಹಾನಿ, ಎಲ್ಲವೂ ಅದರ ಫಲ. ಎರಡೂ ಒಂದೇ ವಿಷ ಎಂಬ ನಂಬಿಕೆ ಇದ್ದಲ್ಲಿ, ಗೊನೊರಿಯಾ ರೋಗಿಗೂ ಮುಂದೆ ಸಿಫಿಲಿಸ್ ಬಾರದಿರಲಿ ಎಂದು ಪಾದರಸ ಕೊಡಲು ಕಾರಣ ಸಿಗುತ್ತಿತ್ತು. ಗೊನೊರಿಯಾಕ್ಕೆ ಅದರಿಂದ ಯಾವ ಉಪಯೋಗವೂ ಇರಲಿಲ್ಲ.

ಭಾರತಕ್ಕೂ ಸಿಫಿಲಿಸ್ ಬಂದದ್ದು ಯುರೋಪಿನವರ ಜೊತೆಯಲ್ಲೇ ಎಂಬುದು ಸಾಮಾನ್ಯ ಅಭಿಪ್ರಾಯ. ಹದಿನಾರನೇ ಶತಮಾನದ ಭಾವಪ್ರಕಾಶ ಎಂಬ ಆಯುರ್ವೇದ ಗ್ರಂಥ ಇದನ್ನು ಫಿರಂಗ ರೋಗ ಎಂದು ಕರೆಯಿತು. ಕನ್ನಡದ ಪರಂಗಿ ರೋಗ ಎಂಬ ಹೆಸರಿನ ಹಿಂದೆ ಇರುವುದೂ ಅದೇ ಪರಂಗಿಯವರು. ಅಲ್ಲಿಯೂ ಪಾದರಸದ ಔಷಧವೇ ಇತ್ತು.

ಸಿಟ್ಟಿನಲ್ಲಿ ಮುಗಿದ ಬದುಕು

1773ರಿಂದಲೇ ಹಂಟರ್ ಅವರಿಗೆ ಎದೆನೋವು ಬರುತ್ತಿತ್ತು. ಸಿಟ್ಟು ಬಂದಾಗ ನೋವು ಹೆಚ್ಚುತ್ತದೆ, ಯಾರಾದರೂ ಕೆರಳಿಸಿದರೆ ಪ್ರಾಣಕ್ಕೇ ಅಪಾಯ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ವಿಷಯಕ್ಕೆ ವಾಗ್ವಾದ ನಡೆಯಿತು. ಹಂಟರ್ ಪಕ್ಕದ ಕೋಣೆಗೆ ಹೋಗಿ ಅಲ್ಲೇ ಕುಸಿದು ತೀರಿಕೊಂಡರು. ವಯಸ್ಸು 65. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಗಟ್ಟಿಯಾಗಿದ್ದದ್ದು ಕಂಡಿತು.

ಅದೇ 1793ರಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯ ಬೆಂಜಮಿನ್ ಬೆಲ್ ಎರಡೂ ಬೇರೆ ರೋಗಗಳು ಎಂದು ವಾದಿಸುವ ಪುಸ್ತಕ ಹೊರತಂದರು. ಪ್ಯಾರಿಸ್ಸಿನ ಫಿಲಿಪ್ ರಿಕೋರ್ ಬಹಳಷ್ಟು ರೋಗಿಗಳ ಮೇಲೆ ಚುಚ್ಚುವ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ, ಬರೀ ಗೊನೊರಿಯಾದ ಕೀವಿನಿಂದ ಸಿಫಿಲಿಸ್ ಹುಣ್ಣು ಏಳುವುದಿಲ್ಲ ಎಂದು 1838ರಲ್ಲಿ ಪ್ರಕಟಿಸಿದರು. ಒಳಗೆ ಅಡಗಿದ ಹುಣ್ಣುಗಳೇ ಗೊಂದಲಕ್ಕೆ ಕಾರಣ ಎಂದೂ ತೋರಿಸಿದರು. ರೋಗಿಗಳ ಮೇಲೆ ಹೀಗೆ ಪ್ರಯೋಗ ಮಾಡಲು ಇಂದಿನ ನೀತಿ ಖಂಡಿತ ಒಪ್ಪುವುದಿಲ್ಲ. ಕೊನೆಗೆ 1879ರಲ್ಲಿ ಆಲ್ಬರ್ಟ್ ನೈಸರ್ ಗೊನೊರಿಯಾದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. 1905ರಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಸಿಫಿಲಿಸ್‌ನ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಕಂಡರು. ಹಂಟರ್ ಪ್ರಯೋಗದಿಂದ ಎರಡೂ ರೋಗಾಣುಗಳು ಕಣ್ಣಿಗೆ ಬೀಳುವವರೆಗೆ 138 ವರ್ಷ ಕಳೆದಿತ್ತು.

ಇಂದು ನಮಗೆ ಗೊತ್ತಿರುವ ವ್ಯತ್ಯಾಸಗಳು

ಹಂಟರ್ ಒಂದು ಎಂದದ್ದು ಎರಡಾಯಿತು, ಎರಡು ಹಲವಾಯಿತು. ಸಾಮಾನ್ಯವಾಗಿ ಕಾಣುವ ಸೋಂಕುಗಳು ಇವು.

ಗೊನೊರಿಯಾ: ಬ್ಯಾಕ್ಟೀರಿಯಾದಿಂದ ಬರುತ್ತದೆ. ಗಂಡಸರಲ್ಲಿ ಸಾಮಾನ್ಯವಾಗಿ ಒಂದು ವಾರದೊಳಗೆ ಉರಿ, ಕೀವು ಕಾಣುತ್ತದೆ. ಹೆಂಗಸರಲ್ಲಿ ಅನೇಕರಿಗೆ ಲಕ್ಷಣವೇ ಇರುವುದಿಲ್ಲ. ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ. ಆದರೆ ಈ ಬ್ಯಾಕ್ಟೀರಿಯಾ ಹಲವು ಔಷಧಗಳಿಗೆ ಬಗ್ಗದಂತಾಗಿದೆ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗುವುದು ಅಪಾಯ.

ಕ್ಲಮೈಡಿಯಾ: ಇದೂ ಬ್ಯಾಕ್ಟೀರಿಯಾ. ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಗೊನೊರಿಯಾ ಜೊತೆ ಇರುವುದು ಸಾಮಾನ್ಯ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಎರಡೂ ಗರ್ಭನಾಳಕ್ಕೆ ಹಾನಿ ಮಾಡಿ ಬಂಜೆತನ ತರಬಹುದು.

ಸಿಫಿಲಿಸ್: ಸುಮಾರು ಮೂರು ವಾರದ ನಂತರ ನೋವಿಲ್ಲದ ಹುಣ್ಣು ಏಳುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಮೋಸ ಹೋಗುವುದು ಇಲ್ಲೇ. ರೋಗ ಒಳಗೇ ಇರುತ್ತದೆ. ಆಮೇಲೆ ಅಂಗೈ, ಅಂಗಾಲಲ್ಲೂ ದದ್ದು ಬರಬಹುದು, ಅದೂ ಹೋಗುತ್ತದೆ. ವರ್ಷಗಳ ನಂತರ ಹೃದಯ, ಮಿದುಳು ಕೆಡಬಹುದು. ಬಸುರಿಯಿಂದ ಮಗುವಿಗೂ ಹರಡುತ್ತದೆ, ಅದಕ್ಕೇ ಗರ್ಭಿಣಿಯರ ರಕ್ತ ಪರೀಕ್ಷೆಯಲ್ಲಿ ಇದನ್ನೂ ನೋಡುತ್ತಾರೆ. ಪೆನಿಸಿಲಿನ್ ಇಂಜೆಕ್ಷನ್‌ನಿಂದ ವಾಸಿಯಾಗುತ್ತದೆ. ಆಗಲೇ ಕೆಟ್ಟುಹೋದ ಅಂಗ ಮಾತ್ರ ಸರಿಹೋಗದಿರಬಹುದು.

ಹರ್ಪಿಸ್: ವೈರಸ್. ನೋವಿರುವ ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವೆ, ಹೋಗುತ್ತವೆ, ಮತ್ತೆ ಬರಬಹುದು. ಪೂರ್ತಿ ತೊಲಗಿಸುವ ಔಷಧವಿಲ್ಲ, ಹತೋಟಿಯಲ್ಲಿಡುವ ಮಾತ್ರೆಗಳಿವೆ.

ಎಚ್‌ಪಿವಿ: ಇದೂ ವೈರಸ್. ಕೆಲವು ಬಗೆಗಳು ನರೂಲಿ ತರುತ್ತವೆ, ಕೆಲವು ಗರ್ಭಕಂಠದ ಕ್ಯಾನ್ಸರ್ ತರುತ್ತವೆ. ಲಸಿಕೆ ಇದೆ, ಚಿಕ್ಕ ವಯಸ್ಸಿನಲ್ಲೇ ಹಾಕಿಸಿದರೆ ಹೆಚ್ಚು ಪ್ರಯೋಜನ.

ಟ್ರೈಕೊಮೊನಿಯಾಸಿಸ್: ಏಕಕೋಶ ಪರಾವಲಂಬಿ ಜೀವಿಯಿಂದ ಬರುವ ಸೋಂಕು. ಹೆಂಗಸರಲ್ಲಿ ವಾಸನೆಯ ಸ್ರಾವ, ತುರಿಕೆ ಕಾಣಬಹುದು. ಮಾತ್ರೆಯಿಂದ ವಾಸಿಯಾಗುತ್ತದೆ.

ಎಚ್‌ಐವಿ ಮತ್ತು ಹೆಪಟೈಟಿಸ್ ಬಿ: ಎರಡೂ ವೈರಸ್, ರಕ್ತದಿಂದಲೂ ಹರಡುತ್ತವೆ. ವರ್ಷಗಟ್ಟಲೆ ಲಕ್ಷಣವಿಲ್ಲದೆ ಇರಬಹುದು. ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಎಚ್‌ಐವಿಗೆ ದಿನನಿತ್ಯ ಮಾತ್ರೆ ತೆಗೆದುಕೊಂಡರೆ ಆರೋಗ್ಯವಾಗಿ ಬಾಳಬಹುದು.

ಹಂಟರ್ ಮಾಡಿದ ತಪ್ಪನ್ನು ನಾವು ಮಾಡದಿರೋಣ

ಮೂತ್ರ ಉರಿದ ಕೂಡಲೇ ಲೈಂಗಿಕ ಸೋಂಕು ಎಂದು ಹೆದರಬೇಕಾಗಿಲ್ಲ. ನೀರು ಕಡಿಮೆಯಾದರೂ ಉರಿಯುತ್ತದೆ, ಸಾಮಾನ್ಯ ಮೂತ್ರನಾಳದ ಸೋಂಕಿನಲ್ಲೂ ಉರಿಯುತ್ತದೆ. ಹಾಗೆಯೇ, ಉಷ್ಣ ಎಂದು ತಳ್ಳಿಹಾಕಲೂ ಬಾರದು. ಕಣ್ಣಿನ ಅಂದಾಜಿನಿಂದ ಹಂಟರ್ ಅವರಂಥವರೇ ಎಡವಿದರು, ನಮ್ಮ ಅಂದಾಜು ಎಷ್ಟರದು? ಮೂತ್ರ, ಸ್ರಾವ, ರಕ್ತದ ಪರೀಕ್ಷೆಗಳು ಈಗ ಕೈಗೆಟುಕುವಂತಿವೆ. ಸೋಂಕು ತಗುಲಿದ ಹೊಸದರಲ್ಲಿ ಕೆಲವು ಪರೀಕ್ಷೆಗಳಿಗೆ ಅದು ಸಿಗದಿರಬಹುದು, ವೈದ್ಯರು ಮತ್ತೆ ಬರಲು ಹೇಳಿದರೆ ತಪ್ಪದೆ ಹೋಗಿ.

ಒಂದು ಸೋಂಕು ಸಿಕ್ಕರೆ ಉಳಿದವನ್ನೂ ಪರೀಕ್ಷಿಸಬೇಕು. ಒಂದೇ ದೇಹದಲ್ಲಿ ಎರಡು ಮೂರು ಸೋಂಕು ಒಟ್ಟಿಗೆ ಇರಬಲ್ಲವು. ಕೀವಿನ ತೊಂದರೆಯೊಂದಿಗೆ ಬಂದವರಿಗೆ ಗೊನೊರಿಯಾ, ಕ್ಲಮೈಡಿಯಾ ಎರಡಕ್ಕೂ ಒಟ್ಟಿಗೇ ಔಷಧ ಕೊಡುವ ಪದ್ಧತಿ ನಮ್ಮ ಸರ್ಕಾರಿ ಚಿಕಿತ್ಸೆಯಲ್ಲಿರುವುದು ಇದೇ ಕಾರಣಕ್ಕೆ. ಸಂಗಾತಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಸೋಂಕು ಮತ್ತೆ ತಿರುಗಿ ಬರುತ್ತದೆ. ಕಾಂಡೋಮ್ ಬಹಳಷ್ಟು ಸೋಂಕು ತಡೆಯುತ್ತದೆ. ಹರ್ಪಿಸ್, ಎಚ್‌ಪಿವಿ ಚರ್ಮದಿಂದ ಚರ್ಮಕ್ಕೆ ಹರಡುವುದರಿಂದ ಅವುಗಳಿಗೆ ಅದರ ರಕ್ಷಣೆ ಪೂರ್ತಿಯಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಹೆಸರಿನಲ್ಲಿ ಇದಕ್ಕೆಂದೇ ವಿಭಾಗಗಳಿವೆ, ವಿವರ ಗುಟ್ಟಾಗಿಡುತ್ತಾರೆ. ಹೋಗಲು ಅಂಜಿಕೆಯಾದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಉಚಿತ ಸಹಾಯವಾಣಿ 1097ಕ್ಕೆ ಮೊದಲು ಕರೆ ಮಾಡಿ ಮಾತಾಡಬಹುದು.

ಮಾಡಿ ನೋಡಿ ಎಂದು ಕಲಿಸಿದ ಹಂಟರ್ ಅವರ ಪಾಠ ಸರಿಯಾಗಿಯೇ ಇತ್ತು. ಒಮ್ಮೆ ನೋಡಿ ನಿಲ್ಲಿಸಿದ್ದು ಅವರ ತಪ್ಪು. ಅವರಿಗೆ ಇಲ್ಲದಿದ್ದ ಪರೀಕ್ಷೆ ನಮಗಿದೆ. ನಾಚಿಕೆ ಬದಿಗಿಟ್ಟು ಅದನ್ನು ಮಾಡಿಸಿಕೊಳ್ಳೋಣ.